ತಿರುಪ್ಪೂರಿನಲ್ಲಿ ಬಣ್ಣ ಬಿಡಿಸುವವರು

ನವೆಂಬರ್ ಒಂದರ ಮೆರವಣಿಗೆಗೆಂದು ಕನ್ನಡ ಸಂಘದವರು ಟೀಶರ್ಟ್ ಮಾಡಿಸಲು ಹೊರಟರೆ, ವಿಚಾರಿಸುವ ಊರುಗಳಲ್ಲಿ ತಿರುಪ್ಪೂರು ಇದ್ದೇ ಇರುತ್ತದೆ. ನೊಯ್ಯಲ್ ದಂಡೆಯ ಈ ಊರು 2009ರಲ್ಲಿ ಜಿಲ್ಲಾ ಕೇಂದ್ರವಾಯಿತು. ರಫ್ತು ಎಷ್ಟೇ ಬೆಳೆದರೂ ಜನರ ಬಾಯಲ್ಲಿ ಕಾರ್ಖಾನೆ ಇನ್ನೂ 'ಬನಿಯನ್ ಕಂಪನಿ'ಯೇ. ಹೆಣಿಗೆ, ಹೊಲಿಗೆಯ ಮಾತು ಎಲ್ಲರೂ ಆಡುತ್ತಾರೆ. ಚಿತ್ರದಿಂದ ಬಣ್ಣ ಬಿಡಿಸುವ ಸೆಪರೇಷನ್ ಕೆಲಸದವರನ್ನು ಕೇಳುವವರಿಲ್ಲ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಫ್ರೇಮ್, ಒಂದು ಫಿಲ್ಮ್. ಬಣ್ಣ ಯಾವುದೇ ಇರಲಿ, ಫಿಲ್ಮಿನ ಮೇಲೆ ಅದು ಅಚ್ಚಾಗುವುದು ಕಪ್ಪಾಗಿಯೇ. ಮೆಶ್‌ಗೆ ಸವರಿದ ಎಮಲ್ಷನ್ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಕಪ್ಪಿನ ಮರೆಯಲ್ಲಿದ್ದದ್ದು ನೀರಿಗೆ ತೊಳೆದು ಹೋಗುತ್ತದೆ. ಆ ಕಿಂಡಿಯಿಂದಲೇ ಬಣ್ಣ ಇಳಿಯಬೇಕು. ಹಾಗಾಗಿ ಅಂಚು ಚೊಕ್ಕವಾಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜೆಪೆಗ್ ಹಿಗ್ಗಿಸಿದರೆ ಒಡೆಯುತ್ತದೆ. ಗಣಿತದ ರೇಖೆಗಳಿಂದಾದ ವೆಕ್ಟರ್ ಒಡೆಯದು. ಆ ರೇಖೆಗಳಿಗೆ ಹೆಸರು ಕೊಟ್ಟ ಪಿಯರ್ ಬೆಜಿಯೆ ಫ್ರಾನ್ಸಿನ ರೆನೊ ಕಾರು ಕಂಪನಿಯ ಎಂಜಿನಿಯರ್. ಅವರಿಗೆ ಬೇಕಿದ್ದದ್ದು ಕಾರಿನ ಮೈಯ ಬಾಗು.

ಕಪ್ಪು ಅಂಗಿಯ ಮೇಲೆ ಹಳದಿ ನೇರವಾಗಿ ಹಾಕಿದರೆ ಮಂಕಾಗುತ್ತದೆ. ಅಡಿಗೆ ಬಿಳಿ ಬೇಸ್ ಬೇಕು. ಆ ಬಿಳಿಯನ್ನು ಸುತ್ತಲೂ ಕೂದಲೆಳೆಯಷ್ಟು ಒಳಕ್ಕೆ ಸರಿಸದಿದ್ದರೆ ಅಂಚಿನಲ್ಲಿ ಇಣುಕುತ್ತದೆ. ಹಳದಿ, ಕೆಂಪು ಕೂಡುವಲ್ಲಿ ಒಂದರ ಮೇಲೊಂದು ತುಸು ಹತ್ತಿರಬೇಕು. ಹೆಣೆದ ಬಟ್ಟೆ ಎಳೆದರೆ ಹಿಗ್ಗುವಂಥದ್ದು, ಕಾಗದದಷ್ಟು ವಿಧೇಯವಲ್ಲ.

ಕನ್ನಡಕ್ಕೆ ಇನ್ನೊಂದು ಗಂಡಾಂತರವಿದೆ. ನುಡಿ, ಬರಹದ ಹಳೆಯ ಫಾಂಟ್ ಸೆಪರೇಷನ್ ಮಾಡುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರವೆಲ್ಲ ಇಂಗ್ಲಿಷ್ ಚೂರುಪಾರು. ಯೂನಿಕೋಡ್ ಇದ್ದರೂ ಹಳೆಯ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುತ್ತದೆ. ತಮಿಳು ಲಿಪಿಯಲ್ಲಿ ನಮ್ಮಂತೆ ಅಡಿಗೆ ಒತ್ತು ಬರೆಯುವುದಿಲ್ಲ, ತಪ್ಪು ಅಲ್ಲಿಯವರ ಕಣ್ಣಿಗೆ ಬೀಳುವುದು ಹೇಗೆ? ಕೊಯಮತ್ತೂರು ಸೀಮೆಯ ಎಷ್ಟೋ ದೇವಾಂಗ ಮನೆಗಳಲ್ಲಿ ಮಾತು ಕನ್ನಡವೇ, ಆದರೆ ಓದು ಬರಹ ತಮಿಳಿನಲ್ಲಿ. ಅವರನ್ನು ದೂರುವುದು ನ್ಯಾಯವಲ್ಲ.

ಆದ್ದರಿಂದ ಫೈಲು ಕಳಿಸುವವರು ಅಕ್ಷರವನ್ನೆಲ್ಲ ಕರ್ವ್‌ಗೆ, ಅಂದರೆ ವೆಕ್ಟರ್ ರೇಖೆಗೆ, ಬದಲಿಸಿಯೇ ಕಳಿಸಿ. ಕರ್ವ್ ಆದ ಮೇಲೆ ಅದು ಬರೀ ಚಿತ್ರ, ಕಾಗುಣಿತ ತಿದ್ದಲಾಗದು. ಕರಡನ್ನು ಮೊದಲೇ ಇಬ್ಬರಿಗೆ ಓದಿಸಿ. ಅಚ್ಚಿನ ನಿಜವಾದ ಅಳತೆ, ಬಣ್ಣ ಗುರುತಿಸುವ ಪ್ಯಾಂಟೋನ್ ನಂಬರು ಬರೆದಿಡಿ. ತೆರೆಯ ಮೇಲಿನ ಹಳದಿಯನ್ನು ನಂಬಬೇಡಿ, ಒಂದು ಸ್ಯಾಂಪಲ್ ಅಂಗಿ ತರಿಸಿ ನೋಡಿ.