ಪಾಪ: ಕೊಳೆಯೋ, ಜೀತವೋ?

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸ್ಥಳಪುರಾಣದಲ್ಲಿ ಒಬ್ಬ ಅಗಸ ಬರುತ್ತಾನೆ. ಕಾಶಿಗೆ ಹೋಗಿ ಪಾಪ ಕಳೆದುಕೊಳ್ಳಬೇಕೆಂಬುದು ಅವನ ಆಸೆ. ಕನಸಿನಲ್ಲಿ ಬಂದ ದೇವರು, ಅಷ್ಟು ದೂರ ಹೋಗುವುದು ಬೇಡ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಎಂದನಂತೆ. ಕಪಿಲೆಯ ದಂಡೆಯಲ್ಲೇ ಮೇಲಕ್ಕೆ ಹೋದರೆ ನಂಜನಗೂಡು. ಪರಶುರಾಮ ತನ್ನ ತಾಯಿಯನ್ನು ಕೊಂದ ಪಾಪವನ್ನು ಅಲ್ಲಿ ಕಳೆದುಕೊಂಡನೆಂದು ಪ್ರತೀತಿ. ತಿರುಮಕೂಡಲಿನ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರುವರಿಯಲ್ಲೂ ನಡೆದಿದೆ.

ಈ ಸೀಮೆಯ ಕ್ರೈಸ್ತರೂ ‘ಪಾಪ’ ಎಂಬ ಇದೇ ಪದವನ್ನು ಬಳಸುತ್ತಾರೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಕುಳಿತು ಬೈಬಲನ್ನು ಕನ್ನಡಿಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂತಾದವರು ಜನರ ಬಾಯಲ್ಲಿದ್ದ ಪದಗಳನ್ನೇ ಎತ್ತಿಕೊಳ್ಳಬೇಕಾಗಿತ್ತು. ಪದವೇನೋ ಒಂದೇ, ಅದರ ಹಿಂದಿನ ಚಿತ್ರ ಮಾತ್ರ ಪೂರ್ತಿ ಒಂದೇ ಅಲ್ಲ.

ಪಾಪವನ್ನು ತೊಳೆಯುವ ಮಾತು ಬೈಬಲಿನಲ್ಲೂ ಇದೆ. ಆದರೆ ಸುಮಾರು ಕ್ರಿ.ಶ. 57ರಲ್ಲಿ ರೋಮಿನ ಸಭೆಗೆ ಪತ್ರ ಬರೆದ ಪೌಲ ಇನ್ನೊಂದು ಹೋಲಿಕೆ ಕೊಡುತ್ತಾನೆ. ಅವನ ಓದುಗರಿಗೆ ಗುಲಾಮಗಿರಿ ಕಣ್ಣೆದುರಿನ ಸಂಗತಿ. ಆ ಪತ್ರದ ಆರನೇ ಅಧ್ಯಾಯದಲ್ಲಿ ಪಾಪ ಬರೀ ಕೊಳೆಯಲ್ಲ, ಮನುಷ್ಯನನ್ನು ಆಳುವ ಒಡೆಯ. ದೀಕ್ಷಾಸ್ನಾನವೂ ಬರೀ ಶುಚಿಯಾಗುವ ಸ್ನಾನವಲ್ಲ. ಅಲ್ಲಿ ಹಳೆಯ ಮನುಷ್ಯ ಕ್ರಿಸ್ತನೊಡನೆ ಸಾಯುತ್ತಾನೆ, ಹೊಸಬನಾಗಿ ಏಳುತ್ತಾನೆ. ಸತ್ತ ಆಳಿನ ಮೇಲೆ ಒಡೆಯನಿಗೆ ಯಾವ ಹಕ್ಕೂ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹಳ್ಳಿಗಳಿಗೆ ರೋಮಿನವರೆಗೆ ಹೋಗಬೇಕಾಗಿಲ್ಲ. ಜೀತ ಎಂದರೆ ಸಾಕು. 1976ರ ಜೀತಪದ್ಧತಿ ರದ್ದತಿ ಕಾಯಿದೆ ಜೀತದಾಳುಗಳನ್ನು ಬಿಡುಗಡೆ ಮಾಡಿದ್ದಷ್ಟೇ ಅಲ್ಲ, ಅವರ ಸಾಲವನ್ನೂ ಅಳಿಸಿಹಾಕಿತು. ಆ ಸಾಲದ ಹೆಸರಿನಲ್ಲಿ ಧಣಿ ಮತ್ತೆ ಹಣ ಪಡೆದರೆ ಅದೇ ಅಪರಾಧ. ಆದರೂ ಹಳೆಯ ಧಣಿ ಕೂಗಿದರೆ ‘ಬಂದೆ ಬುದ್ಧಿ’ ಎಂದು ಎದ್ದುಹೋಗುವ ಅಭ್ಯಾಸ ಕಾಯಿದೆ ಬಂದ ದಿನವೇ ಬಿಡುವುದಿಲ್ಲ.

ಕ್ರೈಸ್ತರ ಪಾಪವಿಮೋಚನೆಯ ತೊಡಕೂ ಇದೇ. ಸಾಲ ತೀರಿದೆ ಎಂಬ ನಂಬಿಕೆ ಒಂದು ಕಡೆ, ಕೋಪ, ಕುಡಿತ, ಲೋಭಗಳು ಕೂಗಿದಾಗ ಎದ್ದುಹೋಗುವ ಕಾಲು ಇನ್ನೊಂದು ಕಡೆ. ಆದ್ದರಿಂದಲೇ ಪೌಲ ಗಲಾತ್ಯದವರಿಗೆ, ಒಮ್ಮೆ ಇಳಿಸಿದ ನೊಗಕ್ಕೆ ಮತ್ತೆ ಹೆಗಲು ಕೊಡಬೇಡಿ ಎಂಬ ಅರ್ಥದಲ್ಲಿ ಬರೆದ. ಕ್ಷಮೆ ಹೇಗೂ ಇದೆಯಲ್ಲ, ಪಾಪ ಮಾಡುತ್ತಲೇ ಇರೋಣ ಎನ್ನುವವರಿಗೂ ಅವನ ಉತ್ತರ ಖಡಾಖಂಡಿತ: ಬಿಡುಗಡೆ ಎಂದರೆ ಮನಬಂದಂತೆ ನಡೆಯುವ ಪರವಾನಗಿಯಲ್ಲ. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದ ಮಾರ್ಟಿನ್ ಲೂಥರ್ ಕೂಡ, ನಂಬಿಕೆಯಿಂದ ಸ್ವತಂತ್ರನಾದವನು ಪ್ರೀತಿಯಿಂದ ನೆರೆಯವನ ಸೇವಕನಾಗುತ್ತಾನೆ ಎಂದು ವಾದಿಸಿದ.

ಈ ಬಿಡುಗಡೆಯನ್ನು ಕಾಪಾಡಿಕೊಳ್ಳುವ ಕ್ರಮ ಸಭೆಯಿಂದ ಸಭೆಗೆ ಬೇರೆ. ಕಥೋಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತಾರೆ. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಪರಂಪರೆಯೂ ಸೇರಿ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಇಡೀ ಸಭೆ ಒಟ್ಟಾಗಿ ತಪ್ಪೊಪ್ಪಿಕೊಳ್ಳುವ ಪ್ರಾರ್ಥನೆಯಿದೆ.

ಹಾಗಾದರೆ ಅನ್ಯಾಯಕ್ಕೆ ಒಳಗಾದವನ ಗತಿಯೇನು? ದೇವರು ಕ್ಷಮಿಸಿದ ಮಾತ್ರಕ್ಕೆ ಅವನ ನಷ್ಟ ತುಂಬುತ್ತದೆಯೇ? ಕದ್ದದ್ದನ್ನು ಹಿಂದಿರುಗಿಸಲೇಬೇಕೆಂಬುದು ಕಥೋಲಿಕ ಬೋಧನೆ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಹೋಗುತ್ತಾನೆ. ಆಮೇಲೆ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಮಾತು ಕೊಡುತ್ತಾನೆ.

ಬರೀ ಮೈ ತೊಳೆದರೆ ಸಾಲದು, ಮನಸ್ಸೂ ಮಡಿಯಾಗಬೇಕೆಂದು ನಮ್ಮ ವಚನಕಾರರೂ ದಾಸರೂ ಹೇಳಿದ್ದಾರೆ. ಜಕ್ಕಾಯನ ಕಥೆ ಅದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಮನಸ್ಸು ಮಡಿಯಾಯಿತೇ ಎಂಬುದು ಗೊತ್ತಾಗುವುದು ನದಿಯ ದಡದಲ್ಲಲ್ಲ, ನಾವು ಯಾರಿಗೆ ಬಾಕಿ ಇದ್ದೇವೋ ಅವರ ಮನೆ ಬಾಗಿಲಲ್ಲಿ.