ಬಾವುಟಗುಡ್ಡೆಯ ಚಾಪೆಲ್‌ಗೆ ಅಪ್ಪನ ಜೊತೆ ಹೋದ ದಿನ

ಮಂಗಳೂರಿನಲ್ಲಿ ಮೂರು ವರ್ಷ ಡಿಗ್ರಿ ಓದಿದವಳು ನಾನು. ಬಾವುಟಗುಡ್ಡೆಯ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಅಲ್ಲಿನ ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹೊರಗಿನಿಂದ ನೋಡಿದರೆ ಹಂಚಿನ ಮಾಡಿನ ಹಳೇ ಕಟ್ಟಡ, ಅಷ್ಟೇ. ಕರಾವಳಿಯಲ್ಲಿ ಅಂಥದ್ದು ಬೇಕಾದಷ್ಟಿವೆ ಅಂತ ನನ್ನ ಅಸಡ್ಡೆ.

ಕಳೆದ ತಿಂಗಳು ಒಳಗೆ ಹೋಗಿದ್ದೂ ಪ್ಲಾನ್ ಮಾಡಿ ಅಲ್ಲ. ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್ ಆಗಿತ್ತು. ಚೆಕಪ್‌ಗೆಂದು ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದೆ. ಡಾಕ್ಟರ್ ನೋಡಿ "ಎಲ್ಲ ಸರಿ ಇದೆ" ಅಂದರು. ಊರಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಬಿಸಿಲು ಬೇರೆ. ಎಲ್ಲಾದರೂ ತಂಪಾಗಿ ಕೂರೋಣ ಅಂತ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಬಾಗಿಲು ದಾಟಿದ ಮೇಲೆ ಇಬ್ಬರೂ ಮಾತಾಡಲಿಲ್ಲ. ಗೋಡೆ, ಕಮಾನು, ಮಾಡಿನ ಒಳಮೈ, ಎಲ್ಲಿ ನೋಡಿದರೂ ಚಿತ್ರ. ಸಂತರು, ದೇವದೂತರು, ಹೂಮಾಲೆಗಳು. ಆ ಹೂಮಾಲೆಗಳನ್ನು ನಾನು ಗಾರೆಯಲ್ಲಿ ಮಾಡಿದ ಉಬ್ಬು ಕೆಲಸ ಅಂದುಕೊಂಡಿದ್ದೆ. ಅಪ್ಪ ಕತ್ತು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ, "ಅಲ್ಲ ಮಗಾ, ಬರೇ ಬಣ್ಣ" ಅಂದರು.

ಅಪ್ಪನಿಗೆ ಗೊತ್ತಾಗದೆ ಇರುತ್ತದಾ? ಮೂವತ್ತು ವರ್ಷ ಗೋಡೆಗೆ ಸಾರಣೆ ಮಾಡಿದವರು. ಈ ವಿಷಯ ಡಿಗ್ರಿಯಲ್ಲಿ ನನ್ನ ಒಬ್ಬ ಫ್ರೆಂಡಿಗೂ ಗೊತ್ತಿರಲಿಲ್ಲ. ಅಡ್ಮಿಷನ್ ಫಾರ್ಮಿನಲ್ಲಿ ತಂದೆಯ ಉದ್ಯೋಗದ ಮುಂದೆ 'ಕಂಟ್ರಾಕ್ಟರ್' ಅಂತ ಬರೆದಿದ್ದೆ. ಅಪ್ಪನಿಗೆ ಅದು ಆ ದಿನದವರೆಗೂ ಗೊತ್ತಿರಲಿಲ್ಲ.

ಚಾಪೆಲ್ ಕಟ್ಟಿದ್ದು 1880ರ ದಶಕದಲ್ಲಿ. ಒಳಗಿನ ಚಿತ್ರಗಳು ಬಂದದ್ದು ಆಮೇಲೆ, 1899ರಿಂದ 1901ರ ನಡುವೆ. ಬರೆದವರು ಇಟಲಿಯ ಬೆರ್ಗಮೊ ಕಡೆಯ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ಯೂಟ್ ಬ್ರದರ್. ಮಾಡಿನ ಒಳಮೈಗೆ ಕ್ಯಾನ್ವಾಸ್ ಮೇಲೆ ತೈಲವರ್ಣ, ಗೋಡೆಗಳ ಮೇಲೆ ಫ್ರೆಸ್ಕೊ. ಫ್ರೆಸ್ಕೊ ಅಂದರೇನು ಅಂತ ಫೋನ್ ನೋಡಿಕೊಂಡು ಅಪ್ಪನಿಗೆ ವಿವರಿಸಲು ಹೊರಟೆ. ಸುಣ್ಣದ ಸಾರಣೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ...

ಅಷ್ಟರಲ್ಲಿ ಅಪ್ಪ ತಡೆದರು. "ಹಾಗಾದ್ರೆ ಒಂದು ದಿನಕ್ಕೆ ಎಷ್ಟು ಬರೆಯಲಿಕ್ಕಾಗ್ತದೋ ಅಷ್ಟಕ್ಕೇ ಸಾರಣೆ ಹಾಕಬೇಕಲ್ಲ? ಮಿಕ್ಕದ್ದು ಒಣಗಿ ಹೋಗ್ತದೆ."

ಹೌದು, ಫೋನಿನಲ್ಲೂ ಅದೇ ಇತ್ತು. ತಪ್ಪಾದರೆ ಒರೆಸಿ ತಿದ್ದುವ ಹಾಗಿಲ್ಲ, ಸಾರಣೆಯನ್ನೇ ಕೆರೆದು ತೆಗೆದು ಹೊಸದಾಗಿ ಹಾಕಬೇಕು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಣ್ಣ ಗೆರೆ ಉಳಿಯುತ್ತದೆ. ಅದನ್ನು ಹುಡುಕುತ್ತಾ ಅಪ್ಪ ಗೋಡೆಯುದ್ದಕ್ಕೂ ನಡೆದರು. ಸಿಗಲಿಲ್ಲ. "ಒಳ್ಳೆ ಕೈ" ಅಂದರು. ಅಪ್ಪನ ಬಾಯಲ್ಲಿ ಇಷ್ಟು ದೊಡ್ಡ ಸರ್ಟಿಫಿಕೇಟ್ ನಾನು ಕೇಳಿದ್ದು ಕಮ್ಮಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ಚಿತ್ರಗಳು. ಅವು ಸಂತ ಅಲೋಶಿಯಸ್ ಗೊಂಝಾಗನ ಜೀವನದ ಕಥೆ. ಶ್ರೀಮಂತ ಮನೆತನದ ಹಿರಿಮಗ, ಆಸ್ತಿಯ ಹಕ್ಕು ಬಿಟ್ಟುಕೊಟ್ಟು ಜೆಸ್ಯೂಟ್ ಸೇರಿದವನು. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾನೂ ಕಾಯಿಲೆ ಹತ್ತಿ 1591ರಲ್ಲಿ ತೀರಿಕೊಂಡ. ಆಗ ಅವನಿಗೆ 23 ವರ್ಷ. ಆ ವಯಸ್ಸಿನಲ್ಲಿ ನಾನು ಮೊದಲ ಅಪ್ರೈಸಲ್ ಕಡಿಮೆ ಬಂತು ಅಂತ ಅಳುತ್ತಿದ್ದೆ.

ಮೊಸ್ಕೇನಿ ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, 51ನೇ ವಯಸ್ಸಿಗೆ. ನಮ್ಮ ಮಳೆ, ಉಪ್ಪುಗಾಳಿ ಚಿತ್ರಗಳನ್ನೂ ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಅವನ್ನು ದುರಸ್ತಿ ಮಾಡಿದರು.

ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಒಳ್ಳೆಯದೇ ಆಯಿತು ಅನ್ನಿಸಿತು. ನೀವು ಹೋದರೆ ಫೋನ್ ಬ್ಯಾಗಿನಲ್ಲಿಟ್ಟು, ಬೆಂಚಿನ ಮೇಲೆ ಕೂತು, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ.

"ಮಗಾ, ಚಿತ್ರ ಬರೆದವರ ಹೆಸರು ಗೊತ್ತುಂಟು. ಸುಣ್ಣ ಅರೆದು, ದಿನಾ ಬೆಳಿಗ್ಗೆ ಗೋಡೆ ರೆಡಿ ಮಾಡಿ ಕೊಟ್ಟವರು ಯಾರು?" ಅಪ್ಪ ಕೇಳಿದರು. ದೂರು ಹೇಳುವ ಧಾಟಿ ಅಲ್ಲ, ಸುಮ್ಮನೆ ಕೇಳಿದ್ದು. ಫಾರ್ಮಿನ ಕಥೆ ಆಗಲೇ ಹೇಳಿಬಿಟ್ಟೆ, ತಲೆ ತಗ್ಗಿಸಿಕೊಂಡು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕುಬಿಟ್ಟರು. "ಕಂಟ್ರಾಕ್ಟರಾ? ಹಾಗಾದ್ರೆ ನನಗೆ ದುಡ್ಡು ಬಾಕಿ ಇಟ್ಟವ ನಾನೇ ಆದೆನಲ್ಲ ಮಾರಾಯ್ತಿ!"

ಬಸ್ಸಿಗೆ ತಡವಾಗುತ್ತಿತ್ತು. ಬಾಗಿಲವರೆಗೆ ಬಂದವರು ತಿರುಗಿ ನಿಂತು, ಆಪರೇಷನ್ ಆದ ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದರು. ಅದರಲ್ಲಿ ಎಲ್ಲ ಮಸುಕು.

"ಇದರ ಆಪರೇಷನ್ನೂ ಆಗಲಿ," ಅಂದರು. "ಆ ಗೆರೆ ಹುಡುಕಲಿಕ್ಕೆ ಮತ್ತೆ ಬರುವ."