ಬನಿಯನ್ನಿಗೊಂದು ಮುಳ್ಳುಬೇಲಿ

ಪ್ರಶ್ನೆ: ‘ಬ್ಯಾಕ್ಟೀರಿಯಾ ನಿರೋಧಕ’ ಎಂದು ಬರೆದ ಹತ್ತಿ ಬನಿಯನ್ ಬೆವರಿದರೂ ನಾರುವುದಿಲ್ಲವಂತೆ. ಹೇಗೆ? (ಓದುಗರು, ಯಂಕಂಚಿ, ಸಿಂದಗಿ ತಾಲ್ಲೂಕು)

ಬೆವರಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗಲೇ ನಾತ. ಹತ್ತಿ ನೀರನ್ನು ಹಿಡಿದಿಡುವುದರಿಂದ ಒದ್ದೆ ಬನಿಯನ್ ಅವುಗಳಿಗೆ ಒಳ್ಳೆಯ ಬೀಡು.

ಕಾರ್ಖಾನೆಯಲ್ಲಿ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ರೋಲರುಗಳ ನಡುವೆ ಹಿಂಡಿ, ಒಣಗಿಸಿ, ಬಿಸಿ ಮಾಡುತ್ತಾರೆ. ದ್ರಾವಣದಲ್ಲಿ ಬೆಳ್ಳಿಯ ಸೂಕ್ಷ್ಮ ಕಣಗಳಿದ್ದರೆ ಅವು ನೂಲಿಗೆ ಅಂಟುತ್ತವೆ. ಬೆವರು ತಾಗಿದಾಗ ಬೆಳ್ಳಿ ಅಯಾನುಗಳಾಗಿ ಹೊರಬಂದು ಬ್ಯಾಕ್ಟೀರಿಯಾದ ಕಿಣ್ವಗಳನ್ನು ಕೆಡಿಸುತ್ತದೆ. ಆದರೆ ಒಗೆದಷ್ಟೂ ಬೆಳ್ಳಿ ನೀರುಪಾಲು. 2008ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷಿಸಿದ ಕೆಲವು ಕಾಲುಚೀಲಗಳು ಕೆಲವೇ ಒಗೆತಗಳಲ್ಲಿ ಬಹುಪಾಲು ಬೆಳ್ಳಿ ಕಳೆದುಕೊಂಡಿದ್ದವು.

ಇನ್ನೊಂದು ಬಗೆ ಹೆಚ್ಚು ಜಾಣತನದ್ದು. ಕ್ವಾಟರ್ನರಿ ಅಮೋನಿಯಂ ಸಿಲೇನ್ ಎಂಬ ಅಣುವಿನ ಒಂದು ತುದಿ ಹತ್ತಿಯ ಸೆಲ್ಯುಲೋಸಿಗೆ ಬೆಸೆದುಕೊಂಡರೆ, ಧನ ಆವೇಶದ ಇನ್ನೊಂದು ತುದಿ ಹೊರಚಾಚಿರುತ್ತದೆ. ಹೊಲದ ಬದುವಿನ ಜಾಲಿಮುಳ್ಳಿನ ಬೇಲಿಯ ಹಾಗೆ: ತಾನು ಕದಲುವುದಿಲ್ಲ, ಮೈ ತಾಗಿಸಿದವರನ್ನು ಬಿಡುವುದಿಲ್ಲ. ಬ್ಯಾಕ್ಟೀರಿಯಾದ ಮೈಮೇಲೆ ಋಣ ಆವೇಶವಿರುವುದರಿಂದ ಅದು ತಾನಾಗಿ ಅಲ್ಲಿಗೆ ಸೆಳೆಯಲ್ಪಟ್ಟು, ಹೊರಪೊರೆ ಹರಿದು ಸಾಯುತ್ತದೆ.

ಬಿಸಿಲೂ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ, ಒಗೆದದ್ದನ್ನು ಸಿಂದಗಿಯ ಬಿಸಿಲಿಗೆ ಹರವುವವರು ಇಂಥ ಬನಿಯನ್ನಿಗೆ ಹೆಚ್ಚು ದುಡ್ಡು ಕೊಡಬೇಕೆಂದು ನನಗಂತೂ ಅನ್ನಿಸದು. ಕೊಂಡಿದ್ದರೆ, ಚೆನ್ನಾಗಿ ಜಾಲಾಡಿಸಿ. ಗಡಸು ನೀರಿನಲ್ಲಿ ಸೋಪಿನ ಜಿಡ್ಡು ಉಳಿದರೆ ಮುಳ್ಳು ಮುಚ್ಚಿಹೋಗುತ್ತದೆ.